ರೈಲು ಬರದ ಹಳಿ

ಕಾಫಿ ಡಬ್ಬಿಯ ತಳದಲ್ಲಿ ನಲವತ್ತೊಂದು ಡಾಲರು,
ಯಾವುದೋ ನಲ್ಲಿಯ ವಾಷರು.
ಶುಕ್ರವಾರ ಹೊರಟಾಗ ಇದರಲ್ಲಿ
ಎರಡು ಸಾವಿರದ ಮುನ್ನೂರು ಇತ್ತು.
ಬಾಡಿಗೆಯದಲ್ಲ, ಚಳಿಗಾಲದ ಹೀಟರಿನದಲ್ಲ,
ಇಸ್ಪೀಟಿನದು ಇಸ್ಪೀಟಿಗೇ ಅಂತ
ಮೂರು ವರ್ಷ ಬೇರೆ ಇಟ್ಟು ಸಾಕಿದ್ದು.
ಸಾಕಿದ್ದು ಅಂದೆ, ನಾಯಿಯ ಹಾಗೆ:
ಕರೆದರೆ ಬರುತ್ತಿತ್ತು.

ವೆಂಡೋವರಿನಿಂದ ಬ್ಯೂಟ್ ಊರಿಗೆ ಎಂಟೂವರೆ ಗಂಟೆ.
ಮೊದಲ ಗಂಟೆಯೆಲ್ಲ ಉಪ್ಪಿನ ಬಯಲು,
ಎರಡೂ ಕಡೆ ಬೆಳ್ಳಗೆ, ಒಂದು ಹಕ್ಕಿಯೂ ಇಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ನೀರಿನ ಬಾಟಲಿಗೂ ಪೆಟ್ರೋಲ್ ಬಂಕಿನಲ್ಲಿ
ಸೀಟಿನ ಸಂದಿಯ ಚಿಲ್ಲರೆ ಎಣಿಸಿದೆ.

ಆಗ್ಡನ್ನಿನ ಹಲ್ಲಿನ ಡಾಕ್ಟರೊಬ್ಬ, ಮೃದು ಬೆರಳಿನವನು,
ನನ್ನ ಇಬ್ಬರು ರಾಜರ ಎದುರು
ಕಳಾವರಿನ ಏಳು, ಎಂಟು ಹಿಡಿದು ಕೂತಿದ್ದ.
ಕೊನೆಯ ಎಲೆಯೂ ಕಳಾವರ್.
"ಕ್ಷಮಿಸಿ" ಅಂದ, ಹಲ್ಲು ಕಿತ್ತಾದ ಮೇಲೆ ಅನ್ನುವ ಹಾಗೆ.
ಏಳುನೂರು.
ಅದು ಅದೃಷ್ಟ ಒಯ್ದದ್ದು, ಅದಕ್ಕೆ ಅಳುವುದಿಲ್ಲ.
ಉಳಿದದ್ದು ನಾನೇ ಕೊಟ್ಟದ್ದು.
ರಾತ್ರಿ ಮೂರರ ತನಕ ಬಂದ ಎಲೆಯನ್ನೆಲ್ಲ ಆಡುತ್ತ,
ಅವನು ಎದ್ದು ಮಲಗಲು ಹೋದ ಮೇಲೂ
ಅವನ ಖಾಲಿ ಕುರ್ಚಿಯ ಮೇಲೆ ಹಗೆ ಸಾಧಿಸುತ್ತ.

ಕಳಕೊಂಡಲ್ಲೇ ಹುಡುಕು ಅನ್ನುತ್ತಾರೆ.
ಅದು ಸೂಜಿಗೆ, ಉಂಗುರಕ್ಕೆ, ಬೆಕ್ಕಿನ ಮರಿಗೆ.
ನನಗೆ ಗೊತ್ತಿರುವ ಮೂವರು ಇನ್ನೂ ಅಲ್ಲೇ ಇದ್ದಾರೆ,
ಗಡಿಯಾರವಿಲ್ಲದ ಆ ಹಾಲಿನಲ್ಲಿ,
ಹುಡುಕುತ್ತ.

ಎರಡು ತಿಂಗಳು ಎಲೆ ಮುಟ್ಟಲಿಲ್ಲ.
ಶನಿವಾರ ಹೈಸ್ಕೂಲಿನ ಕುಸ್ತಿ ಹುಡುಗರನ್ನು
ಮಿಸೂಲಾಗೆ, ಹೆಲೆನಾಗೆ ಹೊತ್ತು ತಿರುಗಿದೆ;
ಬಸ್ಸಿನ ತುಂಬ ಬೆವರು, ಬಾಳೆಹಣ್ಣಿನ ಸಿಪ್ಪೆ.
ಓವರ್‌ಟೈಮಿನ ಇನ್ನೂರು ಡಬ್ಬಿಗೆ ಬಿತ್ತು.
ಹಳೇ ಗಣಿಯಾಳು ಟೊಯ್ವೊ, ಮೂಗಿಗೆ ಆಮ್ಲಜನಕದ ನಳಿಗೆ,
"ಐನೂರು ಇಟ್ಟುಕೋ ಡಾರ್ಲಾ, ಆಮೇಲೆ ಕೊಡು" ಅಂದ.
ಬೇಡ ಅಂದೆ. ಸಾಲದ ಚಿಪ್ಪು
ಬೆರಳಿಗೆ ಅಂಟುತ್ತದೆ, ಮುಂದೆ ತಳ್ಳಲಾಗುವುದಿಲ್ಲ.

ಆಮೇಲೆ ಗುರುವಾರಗಳು.
ಬಾರಿನ ಹಿಂದಿನ ಕೋಣೆ, ನಲವತ್ತು ಡಾಲರಿಗೆ ಒಂದು ಕುರ್ಚಿ.
ಗೆದ್ದದ್ದು ಹೇಗೆ ಅಂತ ಕೇಳುತ್ತಾರೆ.
ಎಸೆದು.
ಎಕ್ಕ ನಾಲ್ಕು ಎಸೆದು, ರಾಣಿ ಒಂಬತ್ತು ಎಸೆದು,
ಚೆಂದ ಕಾಣುವ ಗುಲಾಮನನ್ನೂ
ಕೆನ್ನೆ ತಟ್ಟಿ ಮನೆಗೆ ಕಳಿಸಿ.
ಒಂದು ವಾರ ಹನ್ನೊಂದು ಡಾಲರು ಬಂತು.
ಇನ್ನೊಂದು ವಾರ ಕುರ್ಚಿಯೇ ಹೋಯಿತು,
ಕೋಟು ಹಾಕಿಕೊಂಡು ಎದ್ದೆ, ಒಂಬತ್ತೂ ಆಗಿರಲಿಲ್ಲ.
ಟೊಯ್ವೊ ಎಲೆ ಕಲೆಸುತ್ತಲೇ ತಲೆಯಾಡಿಸಿದ.
ಆ ರಾತ್ರಿಯೇ ನನಗೆ ಅನ್ನಿಸಿದ್ದು,
ಹಣವಲ್ಲದ ಏನೋ ವಾಪಸು ಬರುತ್ತಿದೆ ಅಂತ.

ಪುಸ್ತಕದಲ್ಲಿ ಎರಡೇ ಕಾಲಮ್ಮು:
ಅದೃಷ್ಟ ಒಯ್ದದ್ದು, ನಾನು ಕೊಟ್ಟದ್ದು.
ಎರಡನೆಯದು ಈ ತಿಂಗಳು ಅರ್ಧ ಪುಟ ಖಾಲಿ.
ಡಬ್ಬಿಯಲ್ಲಿ ಸಾವಿರದ ನೂರ ಎಪ್ಪತ್ತು.
ಅರ್ಧ ದಾರಿ, ಅಥವಾ ದಾರಿ ಇನ್ನೂ ಅರ್ಧ.
ವಾಷರನ್ನು ತೆಗೆದಿಲ್ಲ, ಇರಲಿ,
ಅಲುಗಾಡಿಸಿದರೆ ಸದ್ದು ಮಾಡಲು ಏನಾದರೂ ಬೇಕು.

ಬೆಳಗ್ಗೆ ಆರೂ ಮುಕ್ಕಾಲು. ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಕಪ್ಪು ಮಂಜಿನ ಮೇಲೆ ಬ್ರೇಕು ಒತ್ತುವುದಿಲ್ಲ,
ಜಾರಿದ ಕಡೆಗೇ ಚಕ್ರ ತಿರುಗಿಸುತ್ತೇನೆ.
ಹಳಿ ಬಂದಲ್ಲಿ ನಿಲ್ಲಿಸುತ್ತೇನೆ, ಅದು ಕಾನೂನು:
ಬಾಗಿಲು ತೆರೆ, ಕಿಟಕಿ ಇಳಿಸು, ಕೇಳು.
ಚಳಿ ಒಳಬಂದು ಮುಂದಿನ ಸೀಟುಗಳಲ್ಲಿ ಕೂರುತ್ತದೆ.
"ಇಲ್ಲಿ ರೈಲು ಬರುವುದೇ ಇಲ್ಲವಲ್ಲ"
ಅನ್ನುತ್ತಾಳೆ ಎರಡನೇ ಕ್ಲಾಸಿನ ಹುಡುಗಿ, ದಿನಾ,
ಟೋಪಿಯೊಳಗಿಂದ.
ಹೌದು ಅನ್ನುತ್ತೇನೆ.
ಮೂರು ಎಣಿಸುತ್ತೇನೆ.
ಬಾಗಿಲು ಹಾಕುತ್ತೇನೆ.