ಚಕ್ಕುಬಂದಿ

ಶಿರಾ ಅಂದರೆ ತಲೆ ಎನ್ನುತ್ತಾರೆ ಕೆಲವರು.
ಹಾಗಾದರೆ ಮುಂಡ ಎಲ್ಲಿದೆ ಎಂದು ಯಾರೂ ಹೇಳಿಲ್ಲ,
ತಾಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ
ಮೂವತ್ತೊಂದು ವರ್ಷದಿಂದ ಅರ್ಜಿ ಬರೆಯುವ
ಈ ಬುಡೇನ್ ಸಾಬನಿಗಾದರೂ.

ನನಗೆ ಗೊತ್ತಿರುವುದು ಇಷ್ಟು:
ಇಲ್ಲಿ ವಜಾ ಆದದ್ದು ಮಧುಗಿರಿಗೆ ಹೋಗುತ್ತದೆ, ಮೇಲ್ಮನವಿಯಾಗಿ.
ಅಲ್ಲಿಂದ ತುಮಕೂರಿಗೆ.
ಅಲ್ಲಿಂದ ವಕೀಲರ ಬ್ಯಾಗಿನಲ್ಲಿ ಬೆಂಗಳೂರಿಗೆ.
ವಾಪಸು ಬರುವಷ್ಟರಲ್ಲಿ ಅರ್ಜಿದಾರ ಇರುವುದಿಲ್ಲ,
ಅವನ ಮಗ ಸಹಿ ಹಾಕಿ ತೆಗೆದುಕೊಳ್ಳುತ್ತಾನೆ.

ಒಂದು ಕಾಲಕ್ಕೆ ಕಾಗದ ಈ ಕಡೆಗೆ ಬರುತ್ತಿತ್ತು.
ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡೆ,
ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ,
ಶಿರಾ ಸೇರಿ ಏಳು ಪರಗಣೆ, ಒಂದು ಸುಬಾ.
ಕೋಲಾರದ ಲೆಕ್ಕ ಕುದುರೆ ಮೇಲೆ ಬಂದು
ಇಲ್ಲಿ ನೀರು ಕುಡಿಯುತ್ತಿತ್ತಂತೆ.
ಈಗ ಕೋಲಾರಕ್ಕೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು,
ಹೋದರೂ ಅಲ್ಲಿ ಯಾರೂ ನನಗೆ ಲೆಕ್ಕ ಒಪ್ಪಿಸುವುದಿಲ್ಲ.

ಕೋಟೆ ಶುರುಮಾಡಿದವರು ರತ್ನಗಿರಿಯ ನಾಯಕರು.
ಅವರು ಮುಗಿಸುವ ಮೊದಲೇ ಬಿಜಾಪುರದವರು.
ಅವರ ಹಿಂದೆ ದಿಲ್ಲಿಯವರು,
ನಡುನಡುವೆ ಮರಾಠರು, ಮೈಸೂರಿನವರು, ಮತ್ತೆ ಮರಾಠರು.
ತಹಶೀಲ್ದಾರರ ಕೋಣೆಯಲ್ಲೂ ಇಂಥದೇ ಒಂದು ಹಲಗೆ ಇದೆ,
ಕಪ್ಪು ಹಲಗೆ, ಬಿಳಿ ಬಣ್ಣ,
ಹೆಸರು, ಇಂದ, ವರೆಗೆ.
ಕೊನೆಯ ಸಾಲಿನಲ್ಲಿ 'ಇಂದ' ತುಂಬಿದೆ,
'ವರೆಗೆ' ಖಾಲಿ. ಪೇಂಟರ್ ನಂಜುಂಡಿ ಸಣ್ಣ ಡಬ್ಬಿಯನ್ನು
ಮುಚ್ಚಳ ಬಿಗಿಯದೆ ಇಟ್ಟುಕೊಂಡಿರುತ್ತಾನೆ.

ಆಮೇಲೊಮ್ಮೆ ಹೊಸ ರಾಜಧಾನಿಗೆ ಜನ ಬೇಕಾದರು.
ಹನ್ನೆರಡು ಸಾವಿರ ಮನೆಯವರನ್ನು ಇಲ್ಲಿಂದೆತ್ತಿ
ಗಂಜಾಮಿನಲ್ಲಿ ಇಳಿಸಿದರು ಎನ್ನುತ್ತದೆ ಗೆಜೆಟಿಯರು.
ದಿನಕ್ಕೆ ಹತ್ತರಂತೆ ಬರೆದರೂ, ರಜೆ ಕಳೆದು,
ಅವರ ಅರ್ಜಿ ಮುಗಿಸಲು ನನಗೆ ನಾಲ್ಕು ವರ್ಷ ಬೇಕು.
ಆಗ ಈ ಮರದ ಕೆಳಗೆ ಯಾರು ಕೂತಿದ್ದರೋ.
ಮರವೇ ಇರಲಿಲ್ಲವೇನೋ.

ಭೂಗೋಳ ಕೇಳುತ್ತೀರಾ?
ಪಡುವಣ ಮಳೆ ಬುಕ್ಕಾಪಟ್ಟಣದ ಗುಡ್ಡದ ತನಕ ಬಂದು
ಚಪ್ಪಲಿ ಬಿಡದೆ ಹೊರಗಿನಿಂದಲೇ ಮಾತಾಡಿಸಿ ಹೋಗುತ್ತದೆ.
ಹೇಮಾವತಿ ನಾಲೆಯಲ್ಲಿ ಬರುತ್ತಾಳೆ, ಅದೂ ಅರ್ಜಿ ಹಾಕಿದ ಮೇಲೆ.
ಕೆಂಪು ನೆಲ, ಬಂಡೆ, ಕಡಲೆಕಾಯಿ,
ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು
ಕುರಿಯ ಬೆಲೆ ಮಾತಾಡುವ ಮೂಕ ವ್ಯಾಪಾರ.
ಪುಣೆಯ ಲಾರಿಗಳಿಗೆ ನಾವೊಂದು ಹಸಿರು ಬೋರ್ಡು.
ಶಿರಾ ಜಿಲ್ಲೆಯಾಗಲಿ ಎಂದು ಬಂದ್ ಆಯಿತಲ್ಲ,
ಆ ಮನವಿ ಬರೆದವನು ನಾನೇ.
ದುಡ್ಡು ಇನ್ನೂ ಬಂದಿಲ್ಲ.

ಇವತ್ತು ಹುಲಿಕುಂಟೆ ಕಡೆಯಿಂದ ಜುಂಜಮ್ಮ ಬಂದಳು.
ಕೂರುವ ಮೊದಲೇ ಶುರು:
'ಸಾಬಣ್ಣ, ಜಮೀನು ಹದ್ದುಬಸ್ತು ಆಗ್ಬೇಕು,
ಖರಾಬಿನ ಕಡೆಯೋನು ಕಲ್ಲು ಕಿತ್ತವ್ನೆ,
ಖಾತೆ ಐತೆ, ಅಸಲು ಐತೆ, ನಕಲು ಐತೆ,
ಶಿರಸ್ತೇದಾರ್ರ ರುಜು ಒಂದು ಬಾಕಿ.'
ನಾನು ಬೆರಳು ಮಡಿಸಿ ಎಣಿಸಿದೆ.
ಒಂದೇ ಉಸಿರಿಗೆ ದಿಲ್ಲಿಯ ಎಂಟೊಂಬತ್ತು ಮಾತು,
ನಡುವೆ ಕಲ್ಲು ಒಂದೇ ಅವಳದು.
ಅದನ್ನೇ ಕಿತ್ತಿದ್ದಾರೆ.

ಫಾರಂ ಬಿಚ್ಚಿದೆ. ಪೂರ್ವಕ್ಕೆ?
'ಚಿತ್ತಯ್ಯನ ಹೊಲ.'
ಪಶ್ಚಿಮಕ್ಕೆ?
'ಹಳ್ಳ.'
ಉತ್ತರಕ್ಕೆ ಸರ್ಕಾರ, ಅದು ನನಗೂ ಗೊತ್ತು. ದಕ್ಷಿಣಕ್ಕೆ?
'ಬಾಂದುಕಲ್ಲು ಇತ್ತು.'
ಇತ್ತು ಅಂತ ಬರೆಯೋಕೆ ಬರಲ್ಲ ಜುಂಜಮ್ಮ,
ಚಕ್ಕುಬಂದಿಯಲ್ಲಿ ಇತ್ತು ಅನ್ನೋದಿಲ್ಲ.

ಅವಳು ಎಲೆ ಅಡಿಕೆಯ ಚೀಲ ಬಿಚ್ಚಿ, ಸುಣ್ಣ ಹಚ್ಚಿ,
ಕೋಟೆಯ ಕಡೆಗೊಮ್ಮೆ, ಕಚೇರಿಯ ಕಡೆಗೊಮ್ಮೆ ಉಗುಳಲು ಜಾಗ ನೋಡಿ,
ಎರಡೂ ಬೇಡವೆಂದು ಬಾಯಲ್ಲೇ ಇಟ್ಟುಕೊಂಡು ಹೇಳಿದಳು:
'ಐತೆ ಅಂತ ಬರಿ.
ಸಂಜೆಗೆ ಹೋಗಿ ನೆಡ್ತೀನಿ.'