ಮಾತಿಗೆ ಬಿಟ್ಟ ಜಾಗ

"ಗ್ರೇ ಹೆರನ್‌ನನ್ನ ಎಲ್ಲರಿಗಿಂತ ಚೆನ್ನಾಗಿ ಬರೆದದ್ದು ಯಾರು?"
ಹುಡುಗ ಕೇಳುತ್ತಾನೆ, ಬಫಲೋದ ಚರ್ಚೊಂದರ ನೆಲಮಾಳಿಗೆಯಲ್ಲಿ,
ಮಡಚುವ ಮೇಜಿನಾಚೆ ನಿಂತು,
ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಗಟ್ಟಿದ ಹಳೇ ಸಂಚಿಕೆ ಹಿಡಿದು.

ನನ್ನನ್ನು ಕೇಳಬಾರದಪ್ಪ.
ನಾನು ಚಿತ್ರದವಳಲ್ಲ, ಅಕ್ಷರದವಳು.
ಮೂವತ್ತೊಂದು ವರ್ಷ ಆ ಬೂದು ಕೊಕ್ಕರೆಯ ಬಾಯಲ್ಲಿ
ಮಾತಿಟ್ಟವಳು, ಪುಟಕ್ಕೆ ಎರಡೂವರೆ ಡಾಲರಿನಂತೆ.
ಚಿತ್ರಕಾರರನ್ನು ನಾನು ಅಳೆದದ್ದು ಒಂದೇ ಮೊಳದಲ್ಲಿ:
ಮಾತಿಗೆ ಎಷ್ಟು ಜಾಗ ಬಿಟ್ಟರು?

ಮುದುಕ ಟಟಲ್ ಧಾರಾಳಿ.
ಪ್ರತಿ ಚೌಕದ ನೆತ್ತಿಗೂ ಬಯಲಿನಂಥ ಆಕಾಶ.
ಪಾದ ಬರೆಯಲು ಬಾರದು ಅವನಿಗೆ, ಆಫೀಸಿಗೆಲ್ಲ ಗೊತ್ತು;
ಅದಕ್ಕೇ ಅವನ ಹೆರನ್ ಸದಾ ಹೊಗೆಯಲ್ಲಿ, ಹುಲ್ಲಲ್ಲಿ,
ಮೊಣಕಾಲುದ್ದ ನೀರಲ್ಲಿ ನಿಂತಿರುತ್ತಿದ್ದ.
ಓದುಗರ ಕಾಗದ ಬಂತು: ಎಂಥ ನಿಗೂಢ ಮಂಜು!
ನಾವು ನಕ್ಕೆವು. ಟಟಲ್ ನಗಲಿಲ್ಲ,
ಮರುತಿಂಗಳು ಇನ್ನಷ್ಟು ಮಂಜು ಹಾಕಿದ.

ಆಮೇಲೆ ಮನಿಲಾದಿಂದ ದಿಮಾಲಂತಾ.
ಮುಖ ಕಂಡವಳಲ್ಲ ನಾನು; ಕಂಡದ್ದು ತಗಡಿನ ಕೊಳವೆ,
ಒಳಗೆ ಸುರುಳಿಯಾಗಿ ಬಂದ ಪುಟಗಳು.
ಬಿಡಿಸಿದರೆ ಮತ್ತೆ ಸುತ್ತಿಕೊಳ್ಳುವವು, ಮುಟ್ಟಿದ ಚೋರಟೆಯಂತೆ;
ನಾಲ್ಕು ಮೂಲೆಗೂ ಶಾಯಿಸೀಸೆ ಹೇರಿ ನೋಡಬೇಕು.
ಒಂದೊಂದು ಗರಿಗೂ ನೂರು ಗೆರೆ. ಗೋಡೆಯ ಇಟ್ಟಿಗೆ ಎಣಿಸಬಹುದು,
ಇಟ್ಟಿಗೆ ನಡುವಿನ ಪಾಚಿಯನ್ನೂ.
ಈರಿ ಸರೋವರದ ದಂಡೆಗೆ ತೆಂಗಿನಮರ ನೆಡಲಿಲ್ಲ, ಪುಣ್ಯ;
ಹಿಮ ಮಾತ್ರ ಅವನ ಕೈಯಲ್ಲಿ
ಬೂರುಗದ ಅರಳೆಯಂತೆ ಬೆಚ್ಚಗೆ ಬಿದ್ದಿತು.
ಇಷ್ಟೆಲ್ಲ ಕೊಟ್ಟವನು ಮಾತಿಗೆ ಬಿಟ್ಟದ್ದು ಎಳ್ಳಷ್ಟು.
ಆ ಗರಿಗಳ ಮೇಲೆ ಬಿಳೀ ಬಲೂನು ಅಂಟಿಸುವಾಗ
ದೇವರ ಪಟಕ್ಕೆ ಸುಣ್ಣ ಬಳಿದಂತೆ ಕೈ ಹಿಂಜರಿಯುತ್ತಿತ್ತು.

ಕಾಸ್ಟಿಗನ್ ವಿಷಯ ಬೇಡ. ಸ್ನಾಯು, ಸ್ನಾಯು, ಸ್ನಾಯು.
ಕೊಕ್ಕರೆಯ ಹೆಸರಿನವನಿಗೆ ಗೂಳಿಯ ಕತ್ತು!
ಆದರೂ ಮಾರಾಟ ಏರಿತು, ನನ್ನಡುಗೆಮನೆಗೆ ಹೊಸ ಫ್ರಿಜ್ ಬಂತು.
ಉಂಡ ಮನೆಯ ಜಂತೆ ಎಣಿಸಬಾರದು.

ಹುಡುಗ ಕಾಲು ಬದಲಿಸುತ್ತಾನೆ. ಅವನಪ್ಪನಿಗೆ ಕಾಸ್ಟಿಗನ್ನೇ ದೇವರಂತೆ,
ಇವನಿಗೆ ಗಾಜಿನ ಹಲಗೆಯ ಮೇಲೆ ಬರೆಯುವ ಹೊಸಬಳು ಇಷ್ಟ.
ಅಕ್ಷರ ಯಂತ್ರದ್ದೇ ಅಂತೆ ಈಗ,
ಒಂದು 'ಎಸ್' ಇನ್ನೊಂದು 'ಎಸ್'ನ ಪಡಿಯಚ್ಚು.
ನನ್ನವು ಸೋಮವಾರ ಒಂದು ಥರ,
ಹಲ್ಲುನೋವಿದ್ದಾಗ ಇನ್ನೊಂದು ಥರ.

ಸರಿ, ಕೇಳು ಹಾಗಾದರೆ.
ವೆರ್ನಾ ಲಿಂಡ್‌ಕ್ವಿಸ್ಟ್. ಹನ್ನೊಂದೇ ಸಂಚಿಕೆ.
ಅವಳ ಹೆರನ್ ತೆಳ್ಳಗೆ, ಹೊಡೆದಾಟ ಮುಗಿದ ಮೇಲೂ
ಕತ್ತು ಒಳಗೆಳೆದುಕೊಂಡು ಕಾಯುತ್ತಾ ನಿಲ್ಲುವವನು.
ಶೂರನಂತೆ ಕಾಣುವುದಿಲ್ಲ ಅಂತ ದೂರು ಬಂದವು ಮೂಟೆಗಟ್ಟಲೆ.

ಒಂದು ಪುಟವಿತ್ತು. ಮುಳುಗಿದ ದೋಣಿಯಿಂದ
ಹುಡುಗನನ್ನು ತರಲಾಗದೆ, ಬರೀ ಅವನ ಒಂದು ಬೂಟು ಹಿಡಿದು
ಬಾಗಿಲು ತಟ್ಟುತ್ತಾನೆ. ತಾಯಿ ತೆರೆಯುತ್ತಾಳೆ.
ಕಥೆಯವರು ಕೊಟ್ಟದ್ದು ಮೂರು ಬಲೂನಿನ ಮಾತು.
ವೆರ್ನಾ ಸರಿಯಾಗಿ ಮೂರಕ್ಕೇ ಜಾಗ ಬಿಟ್ಟಿದ್ದಳು,
ಹೆಚ್ಚಲ್ಲ, ಕಡಿಮೆಯಲ್ಲ, ಬರೀ ಚಳಿಗಾಲದ ಆಕಾಶ.

ನಿಬ್ಬು ಅದ್ದಿದೆ. ಒಣಗಿತು. ಮತ್ತೆ ಅದ್ದಿದೆ.
ಬೆಳಗಿನ ಟ್ರಕ್ಕು ಬರುವ ಹೊತ್ತಿಗೆ
ಪುಟವನ್ನು ಹಾಗೇ ಕಳಿಸಿಬಿಟ್ಟೆ.
ಸಂಪಾದಕ ಕೂಗಾಡಿದ, ಎರಡೂವರೆ ಡಾಲರ್ ಹಿಡಿದ.
ತಿದ್ದಲು ಪುರಸೊತ್ತಿಲ್ಲದೆ ಅಚ್ಚಾಯಿತು.
ವೆರ್ನಾ ಒಂದು ಕಾರ್ಡು ಹಾಕಿದಳು,
ಒಂದೇ ಪದ: ಓದಿದೆ.

"ಎಷ್ಟನೇ ಸಂಚಿಕೆ ಅದು?"
ನೂರ ತೊಂಬತ್ತೋ, ತೊಂಬತ್ತೊಂದೋ.
ಬಾಗಿಲ ಪಕ್ಕ ಎರಡು ಡಾಲರಿನ ಪೆಟ್ಟಿಗೆಯಿದೆ ನೋಡು,
ಯಾರೂ ಕೊಂಡಿರಲಾರರು.
ಸಿಕ್ಕರೆ ತಾ, ನನ್ನ ಹತ್ತಿರವೂ ಇಲ್ಲ.