ಹಿಕ್ಕಿ

ಎಂಟೂವರೆಗೆ ಶಟರ್ ಎತ್ತುತ್ತಾರೆ.
ಅದಕ್ಕೂ ಮುಂಚೆ ಅರ್ಧ ತಾಸು
ಪ್ರೆಸ್ಸಿನ ಮಾಳಿಗೆ ನನ್ನದು.
ಆ ಕಡೆ ಬೆಟಗೇರಿ, ಈ ಕಡೆ ಸ್ಟೇಷನ್ನು,
ದಕ್ಷಿಣಕ್ಕೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು
ತಿರುಗಲೋ ಬೇಡವೋ ಎಂದು ನಿಂತಿರುತ್ತದೆ.

ಎರಡೂವರೆ ಇಂಚಿನ ದುರ್ಬೀನು.
ದಾವಲಸಾಬ್ ಕಟಿಂಗ್ ಮಷೀನಿನ ಹಳೇ ಕಬ್ಬಿಣ ಕೊಯ್ದು
ಮೂರು ಕಾಲು ಮಾಡಿಕೊಟ್ಟ. ಒಂದು ಕಾಲು ಗಿಡ್ಡ;
ಅದರ ಕೆಳಗೆ ಯಾರದೋ ಮದುವೆಯ ಉಳಿದ ಕಾರ್ಡು ನಾಲ್ಕು.
ಹಣುಕುವುದಿಲ್ಲ. ಹಣುಕಿದರೆ ಕಣ್ಣು ಹೋದಂತೆ.
ಮೊದಲ ವಾರವೇ ದಾವಲಸಾಬನ ಅಂಗಿಯ ತೋಳಿಗೆ
ಗಾಜಿನಿಂದ ಇಳಿದ ಬಿಸಿಲು
ಬೀಡಿ ಸುಟ್ಟಷ್ಟು ತೂತು ಮಾಡಿ
ಮುಂದಿನ ಬುದ್ಧಿವಾದವನ್ನೆಲ್ಲ ಉಳಿಸಿತು.

ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುತ್ತೇನೆ.
ಕೊಳವೆಯ ನೆರಳು ನೆಲದ ಮೇಲೆ
ಗಿಡ್ಡವಾಗುತ್ತ, ಗಿಡ್ಡವಾಗುತ್ತ
ಬರೀ ದುಂಡಗಾದ ಗಳಿಗೆ
ಆರ್ಟ್ ಕಾರ್ಡಿನ ಮೇಲೆ ಬಂದು ಕೂತ, ಅಂಗೈಯಗಲ,
ಈಗಷ್ಟೇ ಲಟ್ಟಿಸಿದ ಹಾಗೆ.
ಕೂತ ಅಂದೆ; ಕೂರುವುದೆಲ್ಲಿ,
ಕಾರ್ಡಿನ ಅಂಚಿಗೆ ಜಾರುತ್ತಲೇ ಇರುತ್ತಾನೆ.
ಜಾರುವುದು ಅವನಲ್ಲ. ನಾನು, ಮಾಳಿಗೆ, ಗದಗ,
ಕೆಳಗೆ ಗೋಡೌನಿನಲ್ಲಿ ಒಟ್ಟಿದ ನಲವತ್ತು ರೀಮು ಕಾಗದ.

ನಡುವೆ ಒಂದು ಕರಿ ಚುಕ್ಕಿ. ಸುತ್ತ ಬೂದು ಅಂಚು.

ಇಪ್ಪತ್ತಾರು ವರ್ಷ ಆಫ್‌ಸೆಟ್ ಓಡಿಸಿದ ಕೈ,
ತಾನಾಗಿ ಕೆಂಪು ಗುಂಡಿ ಹುಡುಕಿತು: ಹಿಕ್ಕಿ!
ಪ್ಲೇಟಿಗೆ ಒಂದು ಕಣ ಧೂಳು ಹತ್ತಿದರೆ ಸಾಕು,
ದೇವರ ಫೋಟೊ ಇರಲಿ, ಕ್ಯಾಂಡಿಡೇಟಿನ ಮೋರೆ ಇರಲಿ,
ಗಲ್ಲದ ಮೇಲೆ ಕರಿ ಬೊಟ್ಟು, ಸುತ್ತ ಬಿಳೀ ಬಳೆ,
ಸಾವಿರ ಹಾಳೆ ರದ್ದಿಗೆ.
ಮಷೀನ್ ನಿಲ್ಲಿಸು, ರೋಲರ್ ಎತ್ತು, ಒರೆಸು.
ಇಲ್ಲಿ ಯಾವ ಗುಂಡಿ ಒತ್ತಲಿ?

ಪರೀಕ್ಷೆ ಒಂದಿದೆ.
ಕಣ್ಣುಗಾಜನ್ನು ಮೆಲ್ಲಗೆ ತಿರುವಬೇಕು.
ಚುಕ್ಕಿಯೂ ತಿರುಗಿದರೆ ಕಸ, ನನ್ನದು.
ತಿರುಗದಿದ್ದರೆ ಅವನದು.
ತಿರುಗಲಿಲ್ಲ.

ಕೆಟ್ಟು ಅಚ್ಚಾದ ಕ್ಯಾಲೆಂಡರಿನ ಬೆನ್ನಿಗೆ
ದಿನಕ್ಕೊಂದು ವೃತ್ತ ಬರೆದಿಡುತ್ತೇನೆ.
ಗುಂಪಿಗೆ ಹತ್ತು, ಚುಕ್ಕಿಗೆ ಒಂದು.
ಒಂಟಿ ಚುಕ್ಕಿ ಇದ್ದರೂ ಲೆಕ್ಕ ಹನ್ನೊಂದು,
ಒಬ್ಬಳೇ ಉಳಿದರೂ ಮನೆತನದ ಪಟ್ಟಿ ಬರುವ ಹಾಗೆ.

ಗಂಗಿಮಾಳವ್ವ, ಬೈಂಡಿಂಗಿನಾಕೆ,
ಅಂಟಿನ ಡಬ್ಬಿ ಬಿಸಿಲಿಗಿಡಲು ಬಂದವಳು ನಿಂತಳು.
ಎಡಗಲ್ಲದ ತುಂಬ ಹುಟ್ಟಿನಿಂದ ಬಂದ ಮಚ್ಚೆ,
ಅದರ ಮೇಲೆ ಸದಾ ಸೆರಗು, ಹಲ್ಲಲ್ಲಿ ಕಚ್ಚಿದ್ದು.
“ಎಷ್ಟು ದೊಡ್ಡದ್ರಿ ಅದು?”
“ಸಾಸಿವಿ ಕಾಳಷ್ಟು ಕಾಣತೈತಲ್ಲ,
ಅಷ್ಟರಾಗ ನಮ್ಮ ಭೂಮಿ ಮುಳಗತೈತಿ.”
ಬಹಳ ಹೊತ್ತು ನೋಡಿದಳು.
“ಇಷ್ಟು ಇಟಗೊಂಡು
ದಿನಾ ಊರ ಮ್ಯಾಲ ಹಾದು ಹೋಗತಾನಲ್ರಿ,
ನಾಚಿಕಿಲ್ಲದಂವ.”
ನಕ್ಕಳು. ಹಲ್ಲಿನಿಂದ ಸೆರಗು ಜಾರಿತು, ಹಿಡಿದುಕೊಂಡಳು.

ಹೇಳಬೇಕೆಂದಿದ್ದೆ: ಅದು ಕಪ್ಪಲ್ಲ,
ಸುತ್ತಲಿನ ಉರಿಯ ಮುಂದೆ ಕಪ್ಪು ಕಾಣುತ್ತದೆ ಅಷ್ಟೇ,
ಅದನ್ನೊಂದನ್ನೇ ಕಿತ್ತು ಕತ್ತಲಲ್ಲಿಟ್ಟರೆ...
ಹೇಳಲಿಲ್ಲ. ಪಾಠವಾಗಿಬಿಡುತ್ತಿತ್ತು,
ಆಕೆಯ ನಗೆ ಅರ್ಧಕ್ಕೇ ನಿಲ್ಲುತ್ತಿತ್ತು.

ದಿನಕ್ಕಿಷ್ಟು ಸರಿದು ಚುಕ್ಕಿ ಪಡುವಲಂಚಿಗೆ ಹೋಯಿತು.
ಅಲ್ಲಿ ತೆಳ್ಳಗಾಗಿ,
ಉಗುರಿನ ಸಂದಿಯ ಶಾಯಿಯಷ್ಟಾಗಿ, ಇಲ್ಲವಾಯಿತು.
“ಹದಿಮೂರು ಹದಿನಾಕು ದಿನಕ್ಕ ಆ ಕಡಿಂದ ಬರತೈತಿ,
ಉಳದಿದ್ರ.”
“ಉಳದಿದ್ರ,” ಅಂದಳು ಆಕೆಯೂ.

ಆಮೇಲೆ ಅಂಟಿನ ಡಬ್ಬಿಗೆ ದಿನಾ ಬಿಸಿಲು ಬೇಕಾಯಿತು.
ಪಂಚಾಯ್ತಿ ಚುನಾವಣೆ ಬಂತು, ಕರಪತ್ರ, ಎರಡು ಪಾಳಿ.
ಮೂರು ದಿನ ಮೋಡ.
ಹದಿನೈದನೇ ದಿನ ಮೂಡಲಂಚಿನಲ್ಲಿ
ಸಣ್ಣಗೆ, ಕರ್ರಗೆ,
“ಬಂತು!” ಅಂದೆ. ಪೆನ್ಸಿಲ್ಲಿಗೆ ಕೈ ಹಾಕಿದೆ,
ನಾನು, ಇಪ್ಪತ್ತಾರು ವರ್ಷದ ಮಷೀನ್‌ಮ್ಯಾನ್.
“ತಡೀರಿ,” ಅಂದಳು.
ಸೆರಗು ಸೊಂಟಕ್ಕೆ ಸಿಕ್ಕಿಸಿ
ಅಂಟು ಹತ್ತದ ಎರಡು ಬೆರಳಲ್ಲಿ
ಕಣ್ಣುಗಾಜು ಹಿಡಿದು ತಿರುವಿದಳು.

ಚುಕ್ಕಿ ತಿರುಗಿತು,
ಅಂಚಿನುದ್ದಕ್ಕೂ, ಗಡಿಯಾರದ ಮುಳ್ಳಿನ ಹಾಗೆ.

ಕೊಳವೆಯನ್ನು ಬಿಸಿಲಿನಿಂದ ಪಕ್ಕಕ್ಕೆ ಹೊರಳಿಸಿ
ಉಫ್ ಎಂದು ಊದಿದಳು. ಮತ್ತೆ ನೆರಳು ನೋಡಿ ಹೊಂದಿಸಿದಳು.
ಬಿಳಿ. ಏನೂ ಇಲ್ಲ.
“ಬರಕೊಳ್ರಿ, ಸೊನ್ನಿ.”
ವೃತ್ತ ಆಗಲೇ ಬರೆದಿತ್ತು.
ಅದರೊಳಗೆ ಏನೂ ಇಡಲಿಲ್ಲ.
ಕೆಳಗೆ ಶಟರ್ ಎತ್ತಿದ ಸದ್ದು.